ದೈವಿಕ ಸ್ವಸ್ಥತೆಯ ಕಥನಗಳು: ಕೊಳ್ಳೇಗಾಲ ಸೀಮೆಯಿಂದ ಒಂದು ವಿವೇಚನೆ

ಕೊಳ್ಳೇಗಾಲದಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೊರಟ ಹಾದಿಯು ಕಾಮಗೆರೆ, ಹನೂರು, ಅಜ್ಜೀಪುರ, ರಾಮಾಪುರ, ಕೌದಳ್ಳಿಗಳ ಮೂಲಕ ಸಾಗುತ್ತದೆ. ಈ ಹಾದಿಯನ್ನು ತುಳಿದವರಲ್ಲಿ ಹರಕೆ ಹೊತ್ತ ಪರಸೆಯವರೂ ಉಂಟು; ಬೇನೆ ಹೊತ್ತು ಎದುರು ದಿಕ್ಕಿನಲ್ಲಿ ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ ಬರುವವರೂ ಉಂಟು. ಅನೇಕ ವೇಳೆ ಇಬ್ಬರೂ ಒಂದೇ ಮನೆಯವರೇ. ಈ ಸೀಮೆಯ ಮಾರ್ಟಳ್ಳಿಯಂತಹ ಊರುಗಳಲ್ಲಿ ಕಥೋಲಿಕ ಕ್ರೈಸ್ತರ ನೆಲೆಗಳಿವೆ. ರೋಗ, ದೈವ, ಔಷಧ ಎಂಬ ಮೂರರ ಸಂಬಂಧವೇನೆಂಬ ಪ್ರಶ್ನೆ ಈ ಸೀಮೆಯ ಜನಕ್ಕೆ ಶಾಸ್ತ್ರಚರ್ಚೆಯ ವಿಷಯವಲ್ಲ, ನಿತ್ಯದ ಬದುಕಿನ ವಿಷಯ. ಕ್ರೈಸ್ತ ಶ್ರದ್ಧೆಯಲ್ಲಿ ಈ ಪ್ರಶ್ನೆ ತಳೆದಿರುವ ರೂಪವನ್ನು ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ. ದೇವರು ರೋಗವನ್ನು ಗುಣಪಡಿಸುವನೇ ಇಲ್ಲವೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ವಿಮರ್ಶಕನಿಗಿಲ್ಲ. ಆದರೆ ಗುಣವಾದುದರ ಕಥೆಯನ್ನು ಹೇಗೆ ಹೇಳುತ್ತಾರೆ, ಆ ಕಥೆ ಕೇಳಿದವರನ್ನು ಏನು ಮಾಡುತ್ತದೆ ಎಂಬುದನ್ನು ವಿಚಾರಿಸುವುದು ಅವನ ಕೆಲಸವೇ ಸರಿ.

ಮೊದಲು ಮಾತನ್ನೇ ನೋಡೋಣ. ಸುವಾರ್ತೆಗಳ ಮೂಲವಾದ ಗ್ರೀಕಿನಲ್ಲಿ ‘ಸೋಜೋ’ ಎಂಬ ಕ್ರಿಯಾಪದಕ್ಕೆ ರೋಗದಿಂದ ಬಿಡಿಸುವುದು, ಪಾಪದಿಂದ ಬಿಡಿಸುವುದು, ಅಪಾಯದಿಂದ ಪಾರುಮಾಡುವುದು ಎಂಬ ಅರ್ಥಗಳೆಲ್ಲವೂ ಉಂಟು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ ಮಾರ್ಕನ ಐದನೆಯ ಅಧ್ಯಾಯದಲ್ಲಿ ಯೇಸು ಹೇಳುವ ಮಾತಿನಲ್ಲಿಯೂ, ಲೂಕನ ಏಳನೆಯ ಅಧ್ಯಾಯದಲ್ಲಿ ಯಾವ ರೋಗವೂ ಇಲ್ಲದ ಪಾಪಿ ಹೆಂಗಸಿಗೆ ಹೇಳುವ ಮಾತಿನಲ್ಲಿಯೂ ಇರುವುದು ಇದೊಂದೇ ಪದ. ಬಳ್ಳಾರಿಯ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೈಬಲನ್ನು ಕನ್ನಡಕ್ಕೆ ತಂದಂದಿನಿಂದ ಇಂದಿನವರೆಗೂ ಕನ್ನಡ ಅನುವಾದಕನ ಮುಂದೆ ಒಂದು ತೊಡಕಿದೆ: ‘ಸ್ವಸ್ಥ’ ಎಂದರೆ ದೇಹಕ್ಕೆ ನಿಲ್ಲುತ್ತದೆ, ‘ರಕ್ಷಣೆ’ ಎಂದರೆ ಆತ್ಮಕ್ಕೆ ಏರುತ್ತದೆ. ಮೂಲದಲ್ಲಿ ಒಂದಾಗಿದ್ದುದು ನಮ್ಮಲ್ಲಿ ಎರಡಾಗುತ್ತದೆ. ನಮ್ಮ ಹಳ್ಳಿಯ ಮಾತಿನಲ್ಲಿ ಇದಕ್ಕೆ ಹತ್ತಿರವಾದ ಪದವೊಂದು ಇಲ್ಲದೆ ಇಲ್ಲ. ‘ಮಗೂನ ಉಳಿಸಿಕೊಡು’ ಎಂದು ತಾಯಿ ವೈದ್ಯನನ್ನೂ ಬೇಡುತ್ತಾಳೆ, ದೇವರನ್ನೂ ಬೇಡುತ್ತಾಳೆ. ‘ಉಳಿಸು’ ಎಂಬುದು ದೇಹವನ್ನೂ ಬಾಳನ್ನೂ ಒಟ್ಟಿಗೆ ಹಿಡಿಯಬಲ್ಲ ಪದ.

ಪದ ಒಂದೇ ಎಂದಮಾತ್ರಕ್ಕೆ ಗುಣವಾಗುವುದೂ ರಕ್ಷಣೆಯೂ ಒಂದೇ ಎಂದು ತಿಳಿಯಲಾಗದು. ಲೂಕನ ಹದಿನೇಳನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವನ್ನು ಗಮನಿಸಬೇಕು. ಹತ್ತು ಮಂದಿಯೂ ಶುದ್ಧರಾದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು. ‘ಸೋಜೋ’ ಎಂಬ ಮಾತು ದೊರೆಯುವುದು ಅವನೊಬ್ಬನಿಗೆ. ಮಿಕ್ಕ ಒಂಬತ್ತು ಮಂದಿಗೆ ರೋಗ ಹೋಗಿದೆ, ಆ ಮಾತು ಸಿಕ್ಕಿಲ್ಲ. ಇನ್ನೊಂದು ತುದಿಯಲ್ಲಿ ಶಿಲುಬೆಯ ಪ್ರಸಂಗವಿದೆ. ಇತರರನ್ನು ಉಳಿಸಿದವನಿಗೆ ತನ್ನನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಹಂಗಿಸುವವರ ಬಾಯಲ್ಲಿಯೂ ಅದೇ ಕ್ರಿಯಾಪದವನ್ನು ಸುವಾರ್ತಾಕಾರನು ಇಟ್ಟಿದ್ದಾನೆ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಕಾವ್ಯಕ್ಕೆ ಆಯ್ದುಕೊಂಡುದು ಯೇಸುವಿನ ಅದ್ಭುತಗಳನ್ನಲ್ಲ, ಅವನ ಕಡೆಯ ದಿನವನ್ನು, ಎಂಬುದು ಇಲ್ಲಿ ಸ್ಮರಣೀಯ.

ನಂಬಿಕೆ ಸಾಕಷ್ಟಿದ್ದರೆ ರೋಗ ಹೋಗಿಯೇ ತೀರುವುದು, ಹೋಗದಿದ್ದರೆ ನಂಬಿಕೆಯೇ ಸಾಲದು ಎಂಬ ವಾದವೊಂದುಂಟು. ಸುವಾರ್ತೆಗಳ ಪಾಠವು ಇದನ್ನು ಸಮರ್ಥಿಸುವುದೇ? ಮಾರ್ಕನ ಎರಡನೆಯ ಅಧ್ಯಾಯದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ ಯೇಸು ಕಂಡುದು ಅವನನ್ನು ಹೊತ್ತು ತಂದವರ ನಂಬಿಕೆಯನ್ನು. ಯೋಹಾನನ ಐದನೆಯ ಅಧ್ಯಾಯದಲ್ಲಿ ಕೊಳದ ಬಳಿ ಬಿದ್ದಿದ್ದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂಬುದೇ ತಿಳಿಯದು. ಅಲ್ಲಿ ಬಿದ್ದಿದ್ದವರು ಅನೇಕರು, ಎದ್ದು ನಡೆದವನು ಒಬ್ಬ. ಬಂಧಿಸಲು ಬಂದವರ ಪೈಕಿ ಕಿವಿ ಕತ್ತರಿಸಿಹೋದ ಆಳಿಗೆ ಲೂಕನ ಪ್ರಕಾರ ಯೇಸು ಮುಟ್ಟಿ ವಾಸಿಮಾಡಿದನು. ಅವನಲ್ಲಿ ನಂಬಿಕೆಯ ಮಾತೆಲ್ಲಿ ಬಂತು? ನಜರೇತಿನ ಜನರ ಅಪನಂಬಿಕೆಯಿಂದ ಅಲ್ಲಿ ಅದ್ಭುತಗಳು ನಡೆಯಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ಹುರುಳುಳ್ಳದ್ದೇ. ಆದರೆ ಮಾರ್ಕನು ಅಲ್ಲಿ ದೂರುವುದು ಊರನ್ನು, ರೋಗಿಗಳನ್ನಲ್ಲ. ಕೆಲವು ಮಂದಿ ರೋಗಿಗಳು ಅಲ್ಲಿಯೂ ಗುಣಹೊಂದಿದರೆಂದೇ ಅವನು ಹೇಳುತ್ತಾನೆ. ಪೌಲನು ತನ್ನ ಶರೀರದ ಮುಳ್ಳು ತೊಲಗಲೆಂದು ಮೂರು ಸಲ ಬೇಡಿದನು, ಅದು ತೊಲಗಲಿಲ್ಲ. ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದುದು ಅವನ ಹೆಸರಿನ ಪತ್ರದಲ್ಲಿಯೇ ಇದೆ. ಇವರನ್ನು ಅಪನಂಬಿಗಸ್ತರೆಂದು ಕರೆಯುವ ಧೈರ್ಯ ಯಾರಿಗಿದೆ?

ಔಷಧದ ವಿಷಯದಲ್ಲಿಯೂ ಪಾಠವು ಏಕಮುಖವಲ್ಲ. ರಕ್ತಸ್ರಾವದ ಹೆಂಗಸು ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟು ಇನ್ನಷ್ಟು ಕೆಟ್ಟಳೆಂದು ಮಾರ್ಕನು ಬರೆದರೆ, ಲೂಕನು ಆ ಕಟುನುಡಿಯನ್ನು ಕೈಬಿಟ್ಟು, ಯಾರಿಂದಲೂ ವಾಸಿಯಾಗಲಿಲ್ಲವೆಂದಷ್ಟೇ ಹೇಳುತ್ತಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕನೆಂಬ ವೈದ್ಯನ ಹೆಸರಿದೆ. ಸಂಪ್ರದಾಯವು ಇಬ್ಬರನ್ನೂ ಒಬ್ಬನೆಂದೇ ಎಣಿಸಿದೆ. ಕಥೋಲಿಕರು ಪವಿತ್ರಗ್ರಂಥದಲ್ಲಿ ಸೇರಿಸಿಕೊಂಡಿರುವ ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯವು ಪ್ರಾರ್ಥಿಸು ಎಂದೂ ವೈದ್ಯನಿಗೆ ಎಡೆಗೊಡು ಎಂದೂ ಒಂದೇ ಉಸಿರಿನಲ್ಲಿ ಬೋಧಿಸುತ್ತದೆ.

ಇನ್ನು ನಮ್ಮ ನಾಡಿನ ಕಥನಗಳಿಗೆ ಬರೋಣ. ಮೈಸೂರಿನ ಸಮೀಪದ ಡೋರ್ನಹಳ್ಳಿಯ ಸಂತ ಅಂತೋಣಿಯ ಕ್ಷೇತ್ರದ ಐತಿಹ್ಯವನ್ನು ತೆಗೆದುಕೊಳ್ಳಬಹುದು. ಉಳುತ್ತಿದ್ದ ರೈತನಿಗೆ ಮರದ ವಿಗ್ರಹವೊಂದು ಸಿಕ್ಕಿತು, ಅವನು ಅದನ್ನು ಆಟದ ಗೊಂಬೆಯೆಂದು ಉಪೇಕ್ಷಿಸಿದನು, ಕನಸಿನಲ್ಲಿ ಆಜ್ಞೆಯಾಯಿತು, ಮನೆಗೆ ಕೇಡು ಬಂದಿತು, ಗುಡಿ ಕಟ್ಟಿದ ಮೇಲೆ ಕೇಡು ತೊಲಗಿತು. ಉಪೇಕ್ಷೆ, ಕೇಡು, ಹರಕೆ, ಪರಿಹಾರ ಎಂಬ ಈ ಕಟ್ಟು ಕನ್ನಡ ನಾಡಿನ ಗ್ರಾಮದೈವಗಳ ಐತಿಹ್ಯಗಳಲ್ಲೆಲ್ಲ ಕಾಣುವಂಥದೇ. 2019ರಲ್ಲಿ ಬಸಿಲಿಕವೆಂಬ ಪದವಿಯನ್ನು ಪಡೆದ ಆ ಕ್ಷೇತ್ರದ ಕಥೆ ಹೀಗೆ ಕ್ರೈಸ್ತ ವಸ್ತುವನ್ನು ಕನ್ನಡ ಐತಿಹ್ಯದ ಎರಕದಲ್ಲಿ ಹೊಯ್ದದ್ದು. ಜೂನ್ 13ರ ಹಬ್ಬಕ್ಕೆ ಎಲ್ಲ ಮತದವರೂ ಅಲ್ಲಿ ಸೇರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇಲ್ಲಿ ನಾವು ಒಂದು ಭೇದವನ್ನು ಗುರುತಿಸಬಯಸುತ್ತೇವೆ. ವಿದ್ಯಾವಂತರು ಹರಕೆಯನ್ನು ದೇವರೊಡನೆ ನಡೆಸುವ ವ್ಯಾಪಾರವೆಂದು ಹಳಿಯುವುದುಂಟು. ಆದರೆ ಹರಕೆಯಲ್ಲಿ ಸಾಲ ಹುಟ್ಟುವುದು ಕೆಲಸವಾದ ಮೇಲೆ. ಮಗು ಉಳಿದರೆ ಮುಡಿ ಕೊಡಬೇಕು. ಉಳಿಯದಿದ್ದರೆ ದುಃಖ ಉಂಟು, ಸಾಲವಿಲ್ಲ. ಸತ್ತ ಮಗುವಿನ ತಾಯಿಗೆ ‘ನಿನ್ನ ಭಕ್ತಿ ಸಾಲದಾಯಿತು’ ಎಂದು ಹರಕೆಯ ನಿಯಮ ಹೇಳಲೇಬೇಕಾಗಿಲ್ಲ. ನಂಬಿಕೆಯನ್ನು ಅಳೆದು ಸ್ವಸ್ಥತೆಯನ್ನು ತೂಗುವ ಬೋಧೆಯಾದರೋ ಅದನ್ನು ಹೇಳದೆ ಇರಲಾರದು. ಮೇಲುನೋಟಕ್ಕೆ ಹೆಚ್ಚು ಆಧ್ಯಾತ್ಮಿಕವಾಗಿ ತೋರುವ ಸಿದ್ಧಾಂತವು ಹರಕೆಗಿಂತ ನಿಷ್ಕರುಣವಾಗಿ ಪರಿಣಮಿಸುವುದು ಹೀಗೆ.

ಪ್ರಾರ್ಥನಾ ಕೂಟಗಳಲ್ಲಿ ರೋಗ ಹೋದುದನ್ನು ಎದ್ದುನಿಂತು ಹೇಳುವುದಕ್ಕೆ ‘ಸಾಕ್ಷಿ’ ಎಂದು ಹೆಸರು. ಅದೊಂದು ಸಾಹಿತ್ಯಪ್ರಕಾರವೇ ಆಗಿದೆ: ಮೊದಲು ರೋಗದ ಭೀಕರತೆ, ಆಮೇಲೆ ವೈದ್ಯರು ಕೈಬಿಟ್ಟುದು, ಬಳಿಕ ಪ್ರಾರ್ಥನೆ, ಕಡೆಗೆ ಜಯ. ಇದರ ಕುಂದು ಸುಳ್ಳು ಹೇಳುವುದರಲ್ಲಿಲ್ಲ. ಹೇಳುವವರು ಬಹುಮಟ್ಟಿಗೆ ಪ್ರಾಮಾಣಿಕರೇ. ಕುಂದು ಇರುವುದು ಕಾಲದಲ್ಲಿ. ಕ್ಷಯಕ್ಕೆ ವಾಡಿಕೆಯ ಚಿಕಿತ್ಸೆ ಆರು ತಿಂಗಳಿನದು. ಎರಡು ತಿಂಗಳು ಕಳೆಯುವುದರೊಳಗೆ ಜ್ವರ ಬಿಟ್ಟು, ಕೆಮ್ಮು ತಗ್ಗಿ, ಮೈ ತುಂಬಿಕೊಳ್ಳುವುದುಂಟು. ರೋಗಾಣುಗಳು ಮಾತ್ರ ಉಳಿದೇ ಇರುತ್ತವೆ. ಸಾಕ್ಷಿ ಹೊರಡುವುದು ಇಂತಹ ಗಳಿಗೆಯಲ್ಲಿ. ಅದನ್ನು ನಂಬಿ ಗುಳಿಗೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಆಗ ಸಾಕ್ಷಿಗೆ ಎರಡನೆಯ ಅಧ್ಯಾಯ ಇರುವುದಿಲ್ಲ. ಹಾಸಿಗೆ ಹಿಡಿದವನನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ. ನ್ಯಾಯಸ್ಥಾನದ ಸಾಕ್ಷಿಗೆ ಪಾಟೀಸವಾಲು ಉಂಟು, ಈ ಸಾಕ್ಷಿಗೆ ಅದಿಲ್ಲ.

ಚರ್ಚಿಗೆ ಈ ವಿವೇಕ ತಿಳಿಯದುದಲ್ಲ. ಲೂರ್ದಿನಲ್ಲಿ 1858ರಿಂದ ಈಚೆಗೆ ಗುಣವಾದೆವೆಂದು ಸಾವಿರಾರು ಮಂದಿ ಹೇಳಿಕೊಂಡಿದ್ದರೂ, ವೈದ್ಯರ ಪರಿಶೀಲನೆಯಾಗಿ ಬಿಷಪ್ಪರು ಅದ್ಭುತವೆಂದು ಒಪ್ಪಿದವು ಎಪ್ಪತ್ತಕ್ಕಿಂತ ಸ್ವಲ್ಪ ಮಿಗಿಲಷ್ಟೆ. 2000ದಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯು ಸ್ವಸ್ಥತೆಯ ಪ್ರಾರ್ಥನೆಯನ್ನು ಅಂಗೀಕರಿಸಿ, ಆ ಕೂಟಗಳಲ್ಲಿ ಉನ್ಮಾದವೂ ನಾಟಕೀಯತೆಯೂ ಸಲ್ಲದೆಂದಿತು. ಪ್ರಾರ್ಥನೆಯು ಔಷಧೋಪಚಾರವನ್ನು ದೂರಮಾಡುವುದಿಲ್ಲವೆಂದೂ ತಿಳಿಸಿತು. ನಮ್ಮ ಪ್ರಾಂತದಲ್ಲಿಯೇ 1803–04ರಲ್ಲಿ ಫ್ರೆಂಚ್ ಪಾದ್ರಿ ದುಬ್ವಾ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನಕ್ಕೆ ಸಿಡುಬಿನ ದೇವಿ ಹಾಕಿಸಿದುದರ ಲೆಕ್ಕವಿದೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇದೇ ಮನೋಧರ್ಮದ ಫಲ.

ಕಡೆಗೆ, ಈ ಸೀಮೆಯ ಮಹಾಕಥನವೊಂದನ್ನು ನೆನೆಯದೆ ಮುಗಿಸುವಂತಿಲ್ಲ. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ಇಂದಿಗೂ ಹಾಡುತ್ತಾರೆ. ಅದರಲ್ಲಿ ಪರಂಜ್ಯೋತಿಯೆನಿಸಿದ ಗುರು ಕಲ್ಯಾಣಕ್ಕೆ ಬರುವುದು ರೋಗ ನೀಗುವ ವೈದ್ಯನಾಗಿ ಅಲ್ಲ, ಮೈಯೆಲ್ಲ ಕೊಳೆತು ನಾರುವ ಕುಷ್ಠರೋಗಿಯಾಗಿ. ಮಡಿವಂತ ಭಕ್ತರು ಅವನನ್ನು ದೂರವಿಡುತ್ತಾರೆ. ಪರೀಕ್ಷೆಗೆ ಒಳಗಾದುದು ರೋಗಿಯ ಭಕ್ತಿಯಲ್ಲ, ಅವನನ್ನು ಕಂಡವರ ಭಕ್ತಿ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ನ್ಯಾಯಾಧಿಪತಿಯು ತಾನೇ ರೋಗಿಯಾಗಿದ್ದೆನೆಂದು ಹೇಳಿಕೊಳ್ಳುವಾಗಲೂ ಇದೇ ತಿರುವು ಕಾಣುತ್ತದೆ. ಇವೆರಡಕ್ಕೂ ಚಾರಿತ್ರಿಕ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಒಂದು ಇನ್ನೊಂದನ್ನು ಓದಲು ಕಲಿಸುತ್ತದೆ ಎಂದಷ್ಟೇ ನಮ್ಮ ಅಭಿಪ್ರಾಯ.

2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನು ತಿಂದು ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಅಂದು ಅವರಲ್ಲಿ ಅನೇಕರನ್ನು ಇದೇ ಹಾದಿಯಲ್ಲಿ ಕಾಮಗೆರೆಯ ಆಸ್ಪತ್ರೆಗೆ ತಂದರು. ಅಮ್ಮನ ಭಕ್ತರ ಹಾಸಿಗೆಯ ಬಳಿ ಶಿಲುಬೆ ಧರಿಸಿದ ಸೋದರಿಯರು ನಿಂತರು. ಯಾರ ನಂಬಿಕೆ ಎಷ್ಟೆಂದು ಅಂದು ಕೇಳುವಂತಿರಲಿಲ್ಲ. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಸ್ವಸ್ಥತೆಯ ಯಾವ ಕಥನವನ್ನಾದರೂ ಒರೆಗೆ ಹಚ್ಚಬೇಕಾದುದು ಆ ಉಳಿಯದವರ ಮನೆಯ ಅಂಗಳದಲ್ಲಿ. ಅಲ್ಲಿ ನಿಂತು ಹೇಳಲಾಗದ ಮಾತನ್ನು ಸಭೆಯಲ್ಲಿಯೂ ಹೇಳಬಾರದೆಂಬುದು ನಮ್ಮ ನಿರ್ಣಯ.