ವಾರಸುದಾರರನ್ನು ಹೊರಗಿಟ್ಟ ಹುಡುಕಾಟ

1992ರ ಜೂನ್ 3ರಂದು ಬೆಲ್ಜಿಯಂನ ಆಂಟ್‌ವರ್ಪ್ ನಗರದ ನದಿಯೊಂದರಲ್ಲಿ ಕೊಲೆಯಾದ ಮಹಿಳೆಯ ಶವ ಸಿಕ್ಕಿತು. ಮುಂಗೈ ಮೇಲೆ ಹಸಿರೆಲೆಗಳ ನಡುವೆ ಕಪ್ಪು ಹೂವಿನ ಹಚ್ಚೆ, ಅದರಡಿ ಕೆಲವು ಅಕ್ಷರಗಳು. ಇಷ್ಟು ಎದ್ದು ಕಾಣುವ ಗುರುತಿದ್ದರೂ ಆಕೆ ಯಾರೆಂದು ತಿಳಿಯಲು 31 ವರ್ಷ ಬೇಕಾಯಿತು. 1992ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಿಂದ ಆಂಟ್‌ವರ್ಪ್‌ಗೆ ಹೋಗಿದ್ದ ಆಕೆ ಮೇ ತಿಂಗಳಲ್ಲಿ ಮನೆಗೆ ಕೊನೆಯ ಬಾರಿ ಕಾರ್ಡ್ ಬರೆದಿದ್ದರು. 2023ರ ಮೇ ತಿಂಗಳಲ್ಲಿ ಬೆಲ್ಜಿಯಂ, ಜರ್ಮನಿ, ನೆದರ್ಲೆಂಡ್ಸ್ ಪೊಲೀಸರು ಇಂಟರ್‌ಪೋಲ್ ಜತೆಗೂಡಿ ‘ಐಡೆಂಟಿಫೈ ಮಿ’ ಎಂಬ ಕಾರ್ಯಾಚರಣೆ ಆರಂಭಿಸಿ, ಗುರುತು ಸಿಗದ 22 ಮಹಿಳೆಯರ ವಿವರಗಳನ್ನು ಸಾರ್ವಜನಿಕರ ಮುಂದಿಟ್ಟರು. ಸುದ್ದಿಯಲ್ಲಿ ಬಂದ ಹಚ್ಚೆಯ ಚಿತ್ರ ನೋಡಿ ಮನೆಯವರು ಆಕೆಯನ್ನು ಗುರುತು ಹಿಡಿದರು. ಅದೇ ವರ್ಷದ ನವೆಂಬರಿನಲ್ಲಿ ಇಂಟರ್‌ಪೋಲ್ ಇದನ್ನು ಅಂತರರಾಷ್ಟ್ರೀಯ ಸಹಕಾರದ ಗೆಲುವೆಂದು ಸಾರಿತು. ಗೆಲುವೇನೋ ಹೌದು. ಆದರೆ ಗೆದ್ದದ್ದು ಪೊಲೀಸರ ಜಾಲವೋ, ಅದರ ಬಾಗಿಲು ಒಂದಿಷ್ಟು ತೆರೆದದ್ದೋ ಎಂದು ಕೇಳಲೇಬೇಕಾಗುತ್ತದೆ.

196 ಸದಸ್ಯ ದೇಶಗಳ ಇಂಟರ್‌ಪೋಲ್ 1946ರಿಂದ ಬಣ್ಣದ ನೋಟಿಸುಗಳನ್ನು ಬಳಸುತ್ತಿದೆ. ಕೆಂಪು ಬೇಕಾದ ಆರೋಪಿಗೆ, ಹಳದಿ ಕಾಣೆಯಾದವರಿಗೆ, ಕಪ್ಪು ಗುರುತು ಸಿಗದ ಶವಕ್ಕೆ. ಕೆಂಪು ನೋಟಿಸಿನ ಹಿಂದಿರುವ ಗುಟ್ಟು ಅರ್ಥವಾಗುವಂಥದ್ದು. ಬಲೆ ಬೀಸಿದ್ದು ಗೊತ್ತಾದರೆ ಆರೋಪಿ ಪರಾರಿಯಾಗುತ್ತಾನೆ. ಅದೇ ಗುಟ್ಟನ್ನು ಕಪ್ಪು ನೋಟಿಸಿಗೂ ತೊಡಿಸಿದ್ದಕ್ಕೆ ಯಾವ ಸಮರ್ಥನೆಯಿದೆ? ಪರಾರಿಯಾಗುವ ಭಯ ಶವಕ್ಕಿಲ್ಲ. ಅದನ್ನು ಗುರುತಿಸಬಲ್ಲವರು ಪೊಲೀಸರೂ ಅಲ್ಲ, ಮನೆಯವರು. ನಮ್ಮ ತಾಲ್ಲೂಕು ಠಾಣೆಗಳು ಲಾಗಾಯ್ತಿನಿಂದ ಪತ್ರಿಕೆಯ ಒಳಪುಟಗಳಲ್ಲಿ ‘ಅಪರಿಚಿತ ಶವ ಪತ್ತೆ, ವಾರಸುದಾರರು ಸಂಪರ್ಕಿಸಿ’ ಎಂದು ಫೋಟೊ ಸಮೇತ ಪ್ರಕಟಣೆ ಕೊಡುತ್ತಲೇ ಬಂದಿವೆ: ಕೋಲು ಮುಖ, ಗೋಧಿ ಮೈಬಣ್ಣ, ಬಲಗೈ ಮೇಲೆ ಹಚ್ಚೆ. ಲಿಯಾನ್‌ನಲ್ಲಿ ಕೇಂದ್ರ ಕಚೇರಿಯಿರುವ ಜಗತ್ತಿನ ಅತಿದೊಡ್ಡ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಕಪ್ಪು ನೋಟಿಸಿನ ಭಾಗಗಳನ್ನು ಮೊದಲ ಬಾರಿಗೆ ಜನರಿಗೆ ತೋರಿಸಿದ್ದು 2023ರಲ್ಲಿ. ಒಬ್ಬ ಹೆಡ್ ಕಾನ್‌ಸ್ಟೆಬಲ್‌ಗೆ ತಿಳಿದ ವಿವೇಕ ಅಲ್ಲಿಗೆ ತಲುಪಲು ಇಷ್ಟು ಕಾಲ ಹಿಡಿಯಿತೆನ್ನುವುದು ನಗುವ ವಿಷಯವಲ್ಲ.

ಗುಟ್ಟಿನ ಜತೆಗೆ ಇನ್ನೊಂದು ದೋಷವೂ ಇದೆ. ಹಳದಿ ಮತ್ತು ಕಪ್ಪು ಒಂದೇ ಪ್ರಶ್ನೆಯ ಎರಡು ತುದಿಗಳು. ಒಂದು ದೇಶದಲ್ಲಿ ವ್ಯಕ್ತಿಯಿಲ್ಲದ ಹೆಸರು, ಇನ್ನೊಂದರಲ್ಲಿ ಹೆಸರಿಲ್ಲದ ದೇಹ. ಇವೆರಡನ್ನೂ ಜೋಡಿಸುವುದೇ ಸಹಕಾರದ ಕೆಲಸ. ಆದರೆ ನೋಟಿಸು ತಾನಾಗಿ ಹುಟ್ಟುವುದಿಲ್ಲ. ಆಯಾ ದೇಶದ ರಾಷ್ಟ್ರೀಯ ಕೇಂದ್ರ ಕೋರಬೇಕು, ಭಾರತದಲ್ಲಿ ಅದು ಸಿಬಿಐ. ಕೋರದಿದ್ದರೆ ಕಡತ ಊರಲ್ಲೇ ಉಳಿಯುತ್ತದೆ. 2018ರಲ್ಲಿ ಸ್ಪೇನಿನಲ್ಲಿ ಒಬ್ಬ ಮಹಿಳೆಯ ಶವ ಸಿಕ್ಕಿತ್ತು. ಆಕೆ ಪರಾಗ್ವೆಯವರು, ಅಲ್ಲಿ ಸೋದರ 2019ರಲ್ಲೇ ನಾಪತ್ತೆ ದೂರು ಕೊಟ್ಟಿದ್ದರು. ಎರಡೂ ಕಡತ ಎರಡು ಖಂಡಗಳಲ್ಲಿ ಆರು ವರ್ಷ ಬೇರೆಬೇರೆಯಾಗಿಯೇ ಬಿದ್ದಿದ್ದವು. ‘ಐಡೆಂಟಿಫೈ ಮಿ’ 2024ರಲ್ಲಿ ಸ್ಪೇನ್, ಫ್ರಾನ್ಸ್, ಇಟಲಿಗೂ ವಿಸ್ತರಿಸಿದ ಮೇಲೆ, 2025ರಲ್ಲಿ ಪರಾಗ್ವೆ ತನ್ನ ದಾಖಲೆಯೊಂದಿಗೆ ಬೆರಳಚ್ಚನ್ನು ಹೋಲಿಸಿ ನೋಡಿತು, ಗುರುತು ಸಿಕ್ಕಿತು. ಇಲ್ಲಿ ಉತ್ತರ ಕೊಟ್ಟದ್ದು ಯಂತ್ರವೇ. ಆದರೆ ಯಂತ್ರವನ್ನು ಯಾರಾದರೂ ಕೇಳಬೇಕಿತ್ತು.

ಪೊಲೀಸರಿಂದ ಪೊಲೀಸರಿಗೆ ನಡೆಯುವ ಸಹಕಾರ ಸಾಲದೆಂಬ ಮಾತಿಗೆ ಬಲವಾದ ಎದುರು ಸಾಕ್ಷಿಯಾಗಿ 2004ರ ಸುನಾಮಿಯನ್ನು ಮುಂದಿಡಬಹುದು. ಥಾಯ್ಲೆಂಡಿನಲ್ಲಿ ಸತ್ತ ಐದು ಸಾವಿರಕ್ಕೂ ಮಿಕ್ಕಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ವಿದೇಶಿಯರು. ಹತ್ತಾರು ದೇಶಗಳ ತಜ್ಞರು ಒಂದೇ ಪದ್ಧತಿಯಲ್ಲಿ ದುಡಿದು ಬಹುಪಾಲು ದೇಹಗಳಿಗೆ ಹೆಸರು ಕೊಟ್ಟರು. ಆದರೆ ಆ ಪದ್ಧತಿಯ ಒಳಹೂರಣ ಗಮನಿಸಿ. ಶವದ ವಿವರ ಗುಲಾಬಿ ಬಣ್ಣದ ನಮೂನೆಗೆ; ಬದುಕಿದ್ದಾಗಿನ ವಿವರ, ಅಂದರೆ ಹಲ್ಲಿನ ಚಿಕಿತ್ಸೆ, ಗಾಯದ ಗುರುತು, ಒಡವೆ, ಇವೆಲ್ಲ ಹಳದಿ ನಮೂನೆಗೆ. ಹಳದಿ ನಮೂನೆ ತುಂಬುವುದೇ ಮನೆಯವರನ್ನು ಕೂರಿಸಿಕೊಂಡು ಕೇಳುವುದರಿಂದ. ಮೊದಲ ತಿಂಗಳುಗಳಲ್ಲಿ ಹೆಚ್ಚಿನ ಗುರುತು ಸಿಕ್ಕಿದ್ದು ಹಲ್ಲಿನ ದಾಖಲೆಗಳಿಂದ; ಹಾಗಾಗಿ ದಂತವೈದ್ಯರ ಕಡತ ಚೆನ್ನಾಗಿದ್ದ ಯುರೋಪಿನವರು ಬೇಗ ಊರು ಸೇರಿದರು, ಕಾಗದಪತ್ರವಿಲ್ಲದೆ ದುಡಿಯಲು ಬಂದಿದ್ದ ಬರ್ಮಾದವರಲ್ಲಿ ಅನೇಕರು ಹೆಸರಿಲ್ಲದೆ ಉಳಿದರು. ಅವರ ಬಂಧುಗಳು ಹೊರಹಾಕಿಯಾರೆಂಬ ಹೆದರಿಕೆಯಿಂದ ಮುಂದೆ ಬರಲಿಲ್ಲ. ಮನೆಯವರು ಒಳಗಿದ್ದ ಕಡೆ ಪದ್ಧತಿ ಗೆದ್ದಿತು, ಹೊರಗುಳಿದ ಕಡೆ ಸೋತಿತು.

ತಪ್ಪು ಇಂಟರ್‌ಪೋಲ್‌ನದಲ್ಲ, ಮೊದಲ ದೂರು ಬೀಳುವ ಠಾಣೆಯದು ಎಂದು ಹೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿದೆ. 2018ರ ಮಾರ್ಚ್ 14ರಂದು ಕೇರಳದಲ್ಲಿ ಆಯುರ್ವೇದ ಚಿಕಿತ್ಸೆಗೆ ಬಂದಿದ್ದ ಲಾಟ್ವಿಯಾದ ಮಹಿಳೆ ಕಾಣೆಯಾದರು. ಪೊಲೀಸರು ಆರಂಭದಲ್ಲಿ ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂದು ಮನೆಯವರು ಬಹಿರಂಗವಾಗಿಯೇ ದೂರಿದರು. ಭಾಷೆ ಬಾರದ ಊರಿನಲ್ಲಿ ತಾವೇ ಪೋಸ್ಟರ್ ಅಂಟಿಸಿ ಅಲೆದರು. ಸುಮಾರು ಐದು ವಾರಗಳ ನಂತರ ಕೋವಳಂ ಸಮೀಪದ ಕಾಂಡ್ಲಾ ಕಾಡಿನಲ್ಲಿ ಶವ ಸಿಕ್ಕಿತು, 2022ರಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಇಲ್ಲಿ ಗಡಿ ದಾಟಬೇಕಾದ ಮಾತೇ ಇರಲಿಲ್ಲ, ಸರಿ. ಆದರೆ ಠಾಣೆಯಲ್ಲೂ ಇಂಟರ್‌ಪೋಲ್‌ನಲ್ಲೂ ರೋಗ ಒಂದೇ: ದೂರು ಕೊಟ್ಟವರನ್ನು ಮಾಹಿತಿಯ ಮೂಲವೆಂದು ನೋಡದೆ, ಕಾಯಿಸಬೇಕಾದ ಅರ್ಜಿದಾರರೆಂದು ನೋಡುವುದು.

ಎಲ್ಲವನ್ನೂ ಬಯಲಿಗಿಟ್ಟರೆ ಖಾಸಗಿತನದ ಗತಿಯೇನು? ಇದು ನಿಜಕ್ಕೂ ತೊಡಕಿನ ಪ್ರಶ್ನೆ. ಹೊಡೆಯುವ ಗಂಡನಿಂದಲೋ ಬಲವಂತದ ಮದುವೆಯಿಂದಲೋ ತಪ್ಪಿಸಿಕೊಂಡು ದೇಶ ಬಿಟ್ಟವರೂ ಯಾರದೋ ಲೆಕ್ಕದಲ್ಲಿ ‘ಕಾಣೆಯಾದವರು’. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಖಾಸಗಿತನದ ಹಕ್ಕು ಹೀಗೆ ದೇಶ ಬಿಟ್ಟವರಿಗೂ ಸಲ್ಲುತ್ತದೆ. ಆದ್ದರಿಂದ ಹಳದಿ ನೋಟಿಸನ್ನು ಎಚ್ಚರದಿಂದಲೇ ತೆರೆಯಬೇಕು. ಪತ್ತೆಯಾದ ವಯಸ್ಕರ ಒಪ್ಪಿಗೆಯಿಲ್ಲದೆ ಮನೆಯವರಿಗೆ ವಿಳಾಸ ಕೊಡಬಾರದು. ಕಪ್ಪು ನೋಟಿಸಿಗೆ ಈ ತಡೆ ಬೇಕಿಲ್ಲ. ಪ್ರಚಾರ ಕೊಟ್ಟರೆ ಸುಳ್ಳು ಸುಳಿವುಗಳ ಮಳೆ ಸುರಿಯುತ್ತದೆಂಬುದೂ ಸತ್ಯ, ಆದರೆ ಆ ಶ್ರಮ ಭರಿಸಬಹುದಾದದ್ದು. ಡಿಎನ್‌ಎ ವಿಷಯದಲ್ಲಿ ಇಂಟರ್‌ಪೋಲ್ ದಾರಿಯನ್ನೂ ತೋರಿಸಿದೆ. 2021ರಲ್ಲಿ ಬಂದ ‘ಐ-ಫೆಮಿಲಿಯಾ’ ವ್ಯವಸ್ಥೆಯಲ್ಲಿ ಬಂಧುಗಳ ಡಿಎನ್‌ಎ ವಿವರವನ್ನು ಅಪರಾಧಿಗಳ ದತ್ತಾಂಶದಿಂದ ಪೂರ್ತಿ ಬೇರೆಯಾಗಿಟ್ಟು ಶವಗಳ ಜತೆ ಹೋಲಿಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಮನೆಯವರನ್ನು ಗೌರವದಿಂದ ಕಂಡ ಭಾಗ ಇದೊಂದೇ ಎನ್ನಬೇಕು.

ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. 2019ರ ಡಿಎನ್‌ಎ ತಂತ್ರಜ್ಞಾನ ಮಸೂದೆ ಕಾಣೆಯಾದವರ ಸೂಚಿಯನ್ನು ಶಂಕಿತರ ಮತ್ತು ಅಪರಾಧಿಗಳ ಸೂಚಿಯ ಜತೆ ಒಂದೇ ಭಂಡಾರಕ್ಕೆ ಸೇರಿಸಿತ್ತು. ಖಾಸಗಿತನದ ಆತಂಕ ಎದ್ದಿತು. 2023ರಲ್ಲಿ ಸರ್ಕಾರ ಇಡೀ ಮಸೂದೆಯನ್ನೇ ವಾಪಸ್ ಪಡೆಯಿತು. ಶಂಕಿತರ ಕುರಿತ ಜಗಳದಲ್ಲಿ ಕಾಣೆಯಾದವರ ಭಾಗವೂ ಕೊಚ್ಚಿಹೋಯಿತು. ಕೊಲ್ಲಿ ದೇಶಗಳಿಗೆ ಇಷ್ಟು ಜನರನ್ನು ಕಳಿಸುವ ನಾಡು ಇದನ್ನು ಹೀಗೆಯೇ ಬಿಡುವಂತಿಲ್ಲ. ಕಾಣೆಯಾದವರಿಗೆ ಮತ್ತು ಗುರುತು ಸಿಗದ ಶವಗಳಿಗೆ ಮಾತ್ರ ಸೀಮಿತವಾದ, ಬಂಧುಗಳ ಮಾದರಿಯನ್ನು ಬೇರಾವ ತನಿಖೆಗೂ ಮುಟ್ಟಗೊಡದ ಒಂದು ಪುಟ್ಟ ಕಾನೂನನ್ನು ಸಂಸತ್ತು ಪ್ರತ್ಯೇಕವಾಗಿ ತರಬೇಕು. ಭಾರತದಲ್ಲಿ ಸಿಕ್ಕ ವಿದೇಶಿ ಶವಗಳ ಕಪ್ಪು ನೋಟಿಸುಗಳನ್ನು ಸಾರ್ವಜನಿಕಗೊಳಿಸಲು ಸಿಬಿಐ ಆ ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ.