ಒಣಗಿದ ಎಲುಬು, ಎಳೆಯ ಚಿಗುರು: ಹೀಬ್ರೂ ಪ್ರವಾದನೆಯಲ್ಲಿ ಪುನಃಸ್ಥಾಪನೆಯ ಪ್ರತಿಮೆಗಳು

ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಕಾಲಜ್ಞಾನದ ಪುಸ್ತಿಕೆಗಳು ದೊರೆಯುತ್ತವೆ. ಅದೇ ರಸ್ತೆಯಲ್ಲಿ, ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತ ಕ್ರೈಸ್ತ ದೇವಾಲಯದಲ್ಲಿ, ಹೀಬ್ರೂ ಪ್ರವಾದಿಗಳ ವಾಕ್ಯಗಳು ಕನ್ನಡದಲ್ಲಿ ಪಠಿತವಾಗುತ್ತವೆ. ಹಾಳಾದ ನಾಡು ಮರಳಿ ನೆಲೆಗೊಳ್ಳುವುದನ್ನು ಈ ಎರಡು ಬಗೆಯ ಗ್ರಂಥಗಳೂ ನುಡಿಯುತ್ತವೆ. ಎರಡೂ ಪ್ರತಿಮೆಗಳ ಮೂಲಕವೇ ನುಡಿಯುತ್ತವೆ. ಆದುದರಿಂದ ಒಂದನ್ನು ಓದುವ ರೀತಿಯಲ್ಲಿಯೇ ಮತ್ತೊಂದನ್ನೂ ಓದುವುದು ಕನ್ನಡ ವಾಚಕನಿಗೆ ಸಹಜ. ಈ ಓದು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಪ್ರಸ್ತುತ ವಿಚಾರ.

ನಮ್ಮ ಕಾಲಜ್ಞಾನ ಸಾಹಿತ್ಯದ ಹಿಂದೆ ಹಾಳಾದ ನಗರಗಳ ನೆನಪಿದೆ. 12ನೆಯ ಶತಮಾನದ ಕಲ್ಯಾಣ ಚದುರಿತು. 1565ರಲ್ಲಿ ವಿಜಯನಗರ ಬಿದ್ದಿತು. ಕೊಡೇಕಲ್ಲ ಬಸವಣ್ಣನ ಪರಂಪರೆಯೇ ಮೊದಲಾದ ಕಾಲಜ್ಞಾನಗಳಲ್ಲಿ ವೀರವಸಂತರಾಯನ ಆಗಮನದ ನಿರೀಕ್ಷೆ ಮತ್ತೆ ಮತ್ತೆ ತಲೆದೋರುತ್ತದೆ. ಅಲ್ಲಿಯ ಭಾಷೆ ಬಹುಮಟ್ಟಿಗೆ ಬೆಡಗಿನದು. ಬೆಡಗು ಅರ್ಥವನ್ನು ಮರೆಮಾಡುತ್ತದೆ. ಕೀಲಿಕೈ ಬಲ್ಲವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಅರ್ಥ ಕೈಗೆ ದೊರೆತ ಮೇಲೆ ಒಗಟಿನ ಕೆಲಸ ಮುಗಿಯಿತು.

ಹೀಬ್ರೂ ಪ್ರವಾದಿಗಳಿಗೂ ಒಗಟು ಅಪರಿಚಿತವಲ್ಲ. ಕ್ರಿ. ಪೂ. 597ರಲ್ಲಿ ಬಾಬೆಲಿಗೆ ಸೆರೆಯೊಯ್ಯಲ್ಪಟ್ಟ ಸಮುದಾಯದ ನಡುವೆ ನುಡಿದ ಯೆಹೆಜ್ಕೇಲನು ತನ್ನ ಗ್ರಂಥದ 17ನೆಯ ಅಧ್ಯಾಯದಲ್ಲಿ ಎರಡು ಹದ್ದುಗಳ ಕಥೆಯನ್ನು ಒಗಟೆಂದೇ ಕರೆದು ಹೇಳುತ್ತಾನೆ. ಅನಂತರ ತಾನೇ ಅದನ್ನು ಬಿಡಿಸುತ್ತಾನೆ: ಒಂದು ಹದ್ದು ಬಾಬೆಲಿನ ಅರಸು, ಇನ್ನೊಂದು ಐಗುಪ್ತದ ಅರಸು. ಆದರೆ ಅಧ್ಯಾಯದ ಕೊನೆಯಲ್ಲಿ ದೇವರು ದೇವದಾರುವಿನ ತುದಿಯಿಂದ ಎಳೆಯ ಚಿಗುರೊಂದನ್ನು ಮುರಿದು ಬೆಟ್ಟದ ಮೇಲೆ ನೆಡುವನೆಂಬ ಮಾತು ಬರುತ್ತದೆ; ಅದರ ನೆರಳಿನಲ್ಲಿ ಸಕಲ ಪಕ್ಷಿಗಳೂ ಗೂಡುಕಟ್ಟುವುವು. ಈ ಚಿಗುರಿಗೆ ಮಾತ್ರ ಪ್ರವಾದಿ ಹೆಸರಿಡುವುದಿಲ್ಲ. ದಂಡನೆಯ ಭಾಗವನ್ನು ಬಿಡಿಸಿ ಹೇಳಿದವನು ಪುನಃಸ್ಥಾಪನೆಯ ಭಾಗವನ್ನು ಪ್ರತಿಮೆಯಾಗಿಯೇ ಉಳಿಸಿದ್ದಾನೆ. ಇದು ಮರೆವಿನ ಫಲವೆಂದು ತೋರುವುದಿಲ್ಲ. ಆಗಿಹೋದುದಕ್ಕೆ ಹೆಸರುಗಳಿವೆ, ಬರಬೇಕಾದುದಕ್ಕೆ ಇನ್ನೂ ಹೆಸರಿಲ್ಲ.

37ನೆಯ ಅಧ್ಯಾಯದ ಒಣ ಎಲುಬುಗಳ ದರ್ಶನವು ಈ ಮಾತಿಗೆ ವಿರೋಧವಾಗಿ ಕಾಣಬಹುದು. ಎಲುಬುಗಳೆಂದರೆ ಇಸ್ರಾಯೇಲ್ ವಂಶವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಆ ವಿವರಣೆಯ ಸ್ವರೂಪವನ್ನು ಗಮನಿಸಬೇಕು. ಸೆರೆಯಾಳುಗಳು ತಮ್ಮ ಎಲುಬು ಒಣಗಿತು, ನಿರೀಕ್ಷೆ ಹಾಳಾಯಿತು ಎಂದು ಗೋಳಾಡುತ್ತಿದ್ದರು. ಬಾಯಿಂದ ಬಾಯಿಗೆ ಸವೆದ ಈ ಗೋಳಿನ ಮಾತನ್ನೇ ಪ್ರವಾದಿ ಕಣ್ಣಿಗೆ ಕಟ್ಟುವ ಬಯಲಾಗಿ ಹರಡಿದ್ದಾನೆ. ಇನ್ನೂ ಒಂದು ವಿಶೇಷವುಂಟು: ದರ್ಶನದಲ್ಲಿ ಎಲುಬುಗಳು ಬಯಲಿನಲ್ಲಿ ಬಿದ್ದಿವೆ; ವಿವರಣೆಯಲ್ಲಿ ಜನರು ಗೋರಿಗಳಿಂದ ಎಬ್ಬಿಸಲ್ಪಡುತ್ತಾರೆ. ಒಂದು ಪ್ರತಿಮೆಯ ಅರ್ಥವನ್ನು ಮತ್ತೊಂದು ಪ್ರತಿಮೆ ಹೇಳುತ್ತಿದೆ. ಬೆಡಗಿನ ಟೀಕಾಕಾರನು ಹೀಗೆ ಮಾಡುವುದಿಲ್ಲ.

ಇಲ್ಲಿಯೇ ಅನುವಾದದ ತೊಡಕೂ ಎದುರಾಗುತ್ತದೆ. ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ 1831ರಲ್ಲಿ ಬಳ್ಳಾರಿಯಲ್ಲಿ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. ಅಂದಿನಿಂದ ಇಂದಿನವರೆಗೆ ಈ ಅಧ್ಯಾಯವನ್ನು ಕನ್ನಡಿಸಹೊರಟವರೆಲ್ಲರ ಮುಂದೆ ನಿಂತಿರುವ ಪದ ‘ರೂಅಹ್’. ಗಾಳಿ, ಉಸಿರು, ಆತ್ಮ ಈ ಮೂರೂ ಆ ಒಂದೇ ಪದದ ಅರ್ಥಗಳು. ನಾಲ್ಕು ದಿಕ್ಕುಗಳಿಂದ ಬೀಸಿದ್ದೇ ಸತ್ತವರೊಳಗೆ ಉಸಿರಾಗುತ್ತದೆ. ಅದೇ ದೇವರ ಆತ್ಮ. ಕನ್ನಡದಲ್ಲಿ ಮೂರು ಮಾತುಗಳನ್ನು ಬಳಸಿದೊಡನೆ ಈ ಸರಣಿ ಕಡಿಯುತ್ತದೆ. ಅದಲ್ಲದೆ ನಮ್ಮ ದರ್ಶನಗಳಲ್ಲಿ ಪಳಗಿದ ಮನಸ್ಸಿಗೆ ‘ಆತ್ಮ’ವೆಂದರೆ ಒಳಗೆ ನೆಲಸಿದ, ಸಾವಿಲ್ಲದ ವಸ್ತು. ‘ರೂಅಹ್’ ಹೊರಗಿನಿಂದ ಬರುವುದು, ಕೇಳಿದಾಗ ಬೀಸುವುದು. ‘ಪ್ರಾಣವಾಯು’ ಎಂಬ ನಮ್ಮ ಮಾತು ಈ ಭಾವಕ್ಕೆ ಹೆಚ್ಚು ಸಮೀಪವೆಂದು ತೋರುತ್ತದೆ. ಆದರೆ ಅದರಲ್ಲಿ ದೈವತ್ವದ ಧ್ವನಿ ಕ್ಷೀಣ. ಈ ವ್ಯತ್ಯಾಸವನ್ನು ಅರಿಯದಿದ್ದರೆ ಒಂದು ಜನಾಂಗದ ಪುನರುಜ್ಜೀವನವು ವ್ಯಕ್ತಿಯ ಪುನರ್ಜನ್ಮವಾಗಿ ಕಾಣುವ ಅಪಾಯವಿದೆ.

ಹಾಗೆಂದು ಈ ಪ್ರತಿಮೆಗಳು ಕೇವಲ ಅಧ್ಯಾತ್ಮಪರವೆನ್ನುವುದೂ ಸಲ್ಲದು. ಸ್ವದೇಶದಲ್ಲಿ ನೆಲೆಗೊಳಿಸುವೆನೆಂಬ ಮಾತು ಅದೇ ದರ್ಶನದ ಅಂತ್ಯದಲ್ಲಿದೆ. ಮಣ್ಣನ್ನು ಬಿಟ್ಟು ಅದನ್ನು ಓದಲಾಗದು. ಆದರೆ ಮುಂದೆ ನಡೆದುದನ್ನೂ ನೋಡಬೇಕು. ಕ್ರಿ. ಪೂ. 539ರಲ್ಲಿ ಕೋರೆಷನು ಬಾಬೆಲನ್ನು ಗೆದ್ದನು. ಮರುವರ್ಷ ಹಿಂದಿರುಗಲು ಅಪ್ಪಣೆಯಾಯಿತು. 515ರಲ್ಲಿ ದೇವಾಲಯ ಮತ್ತೆ ಎದ್ದಿತು. ಮರಳಿದವರು ಕೆಲವರು ಮಾತ್ರ. ಯೆಹೂದ ಮತ್ತು ಎಫ್ರಾಯೀಮಿನ ಎರಡು ಕೋಲುಗಳು ಪ್ರವಾದಿಯ ಕೈಯಲ್ಲಿ ಒಂದಾದವು, ಕ್ರಿ. ಪೂ. 722ರ ಸುಮಾರಿಗೆ ಬಿದ್ದಿದ್ದ ಉತ್ತರದ ರಾಜ್ಯ ಮಾತ್ರ ಹಿಂದಿರುಗಲಿಲ್ಲ. ಈ ವಾಕ್ಯಗಳು ಘಟನಾವಳಿಯ ಗುಪ್ತಲಿಪಿಗಳಾಗಿದ್ದರೆ ಅಂದೇ ಅವುಗಳ ಆಯುಷ್ಯ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಯೆಹೂದ್ಯರೂ ಕ್ರೈಸ್ತರೂ ಅವುಗಳನ್ನು ಓದುತ್ತಲೇ ಬಂದರು. 1948ರಲ್ಲಿ ಇಸ್ರೇಲ್ ರಾಷ್ಟ್ರದ ಸ್ಥಾಪನೆಯಾದಾಗ ಪ್ರವಾದನೆ ನೆರವೇರಿತೆಂದು ಹಲವರು ಭಾವಿಸಿದರು. ಆ ನಂಬಿಕೆಯನ್ನು ನಿರ್ಣಯಿಸುವುದು ವಿಮರ್ಶೆಯ ಕೆಲಸವಲ್ಲ. ಪಂಚಾಂಗವನ್ನು ನೋಡುವಂತೆ ಪ್ರವಾದಿಯನ್ನು ನೋಡಿದರೆ ಅವನು ಯಾರ ಗೋಳಿಗೆ ಉತ್ತರ ಕೊಟ್ಟನೆಂಬುದು ಮರೆತುಹೋಗುತ್ತದೆ ಎಂದು ಎಚ್ಚರಿಸುವುದು ಮಾತ್ರ ಅದರ ಕೆಲಸ.

ಬೆಡಗನ್ನು ಬಿಡಿಸಬೇಕು, ಇಂತಹ ಪ್ರತಿಮೆಯ ಒಳಹೊಕ್ಕು ನಿಲ್ಲಬೇಕು. ಕಾಲಜ್ಞಾನವನ್ನು ಬಲ್ಲ ಕನ್ನಡ ವಾಚಕನಿಗೆ ಹಾಳೂರಿನ ನಿರೀಕ್ಷೆಯ ದನಿ ಪರಿಚಿತವಾಗಿರುವುದರಿಂದ, ಈ ಭೇದವನ್ನು ಅರಿಯುವ ಅನುಕೂಲ ಅವನಿಗೆ ವಿಶೇಷವಾಗಿಯೇ ಉಂಟು.