ಸತ್ತರು, ಕೊಂದರು

ಯುದ್ಧವಾರ್ತೆಯ ಭಾಷೆಗೆ ಅಕರ್ಮಕ ಕ್ರಿಯಾಪದದ ಮೇಲೆ ಬಹಳ ಪ್ರೀತಿ. ‘ಕಾರ್ಯಾಚರಣೆಯಲ್ಲಿ ಗ್ರಾಮಸ್ಥರು ಅಸುನೀಗಿದರು’ ಎಂದು ಓದುತ್ತೇವೆ. ‘ಸತ್ತರು’ ಎಂಬ ಕ್ರಿಯೆಗೆ ಸತ್ತವರೇ ಕರ್ತೃ. ‘ಕೊಂದರು’ ಎಂದರೆ ಮಾತ್ರ, ಕೊಂದವರು ಯಾರೆಂದು ವಾಕ್ಯವೇ ಕೇಳುತ್ತದೆ. ಶಾಲೆಯ ವ್ಯಾಕರಣದ ಈ ಸಣ್ಣ ಪಾಠದಲ್ಲಿ ನೀತಿಯ ದೊಡ್ಡ ಪ್ರಶ್ನೆ ಅಡಗಿದೆ.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಿರಾಯುಧ ಜನರನ್ನು ಕೊಂದರು. ಸೈನ್ಯದ ಹೇಳಿಕೆಯನ್ನು ನಂಬಿದ ಪತ್ರಿಕೆಗಳು 128 ಮಂದಿ ಶತ್ರುಗಳು ಹತರಾದರೆಂದು ಬರೆದವು. ನಿಜ ಹೊರಬಿದ್ದದ್ದು 1969ರ ನವೆಂಬರಿನಲ್ಲಿ, ಸೆಮೂರ್ ಹರ್ಷ್ ಎಂಬ ಪತ್ರಕರ್ತರ ಬರಹದಿಂದ.

ಇಂಥ ವಾರ್ತೆಯನ್ನು ತಿಕ್ಕಿ ನೋಡಲು ನಮ್ಮಲ್ಲಿಯೇ ಒಂದು ಒರೆಗಲ್ಲುಂಟು: ಹಲಗಲಿಯ ಬೇಡರ ಲಾವಣಿ. ಸದಲಗಾ ಕಡೆಯ ನಮಗೆ ಮುಧೋಳ ಸೀಮೆಯ ಆ ಹಳ್ಳಿ ಬಹು ದೂರದ್ದೇನಲ್ಲ. 1857ರಲ್ಲಿ ಕುಂಪಣಿ ಸರಕಾರ ಜನರ ಹತಾರಗಳನ್ನು ಕಿತ್ತುಕೊಳ್ಳಹೊರಟಿತು. ಬೇಡರು ಒಪ್ಪಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು. ಇದನ್ನೇ ಸರಕಾರಿ ಧಾಟಿಯಲ್ಲಿ ಹೇಳುವುದಾದರೆ, ‘ಬೇಡರ ಹಟದಿಂದ ಊರು ಸುಟ್ಟುಹೋಯಿತು’. ವಾಕ್ಯ ಶುದ್ಧವಾಗಿದೆ, ಆದರೆ ದಂಡು ಮಾಯವಾಗಿದೆ!

ಲಾವಣಿಕಾರ ಬೇಡರ ಕೈಯನ್ನೂ ಮುಚ್ಚಿಡುವುದಿಲ್ಲ. ಅವರು ಕಾರಕೂನನ ಕಪಾಳಕ್ಕೆ ಬಡಿದದ್ದನ್ನು ಹೇಳುತ್ತಾನೆ. ಹುಕುಮು ವಿಲಾಯತಿಯಿಂದ ಬಂತೆಂಬುದನ್ನೂ, ಊರನ್ನು ಹಾಳುಮಾಡಿದವರು ಯಾರ ಮಂದಿಯೆಂಬುದನ್ನೂ ಅಷ್ಟೇ ನೇರವಾಗಿ ಹೇಳುತ್ತಾನೆ. ಜಗಳಕ್ಕೆ ಕಾರಣ ಬೇರೆ, ಕೊಲೆಗೆ ಕರ್ತೃ ಬೇರೆ ಎಂಬ ವಿವೇಕ ಅವನದು. ಲೂಟಿಯಾದ ಸಾಮಾನುಗಳಲ್ಲಿ ಅವನು ಉಪ್ಪು, ಅರಿಸಿನ, ಬೆಣ್ಣೆ, ಮಂಗಳಸೂತ್ರ, ಬೀಸುವ ಕಲ್ಲುಗಳನ್ನೂ ಎಣಿಸುತ್ತಾನೆ. ಬೀಸುವ ಕಲ್ಲು ಯಾವ ಬಂಡಾಯದ ಹತಾರ? ಒಂದೂ ಬೈಗುಳಿಲ್ಲದೆ ಆ ಪಟ್ಟಿಯೇ ತೀರ್ಪು ಕೊಡುತ್ತದೆ.

ಲಾವಣಿಗೆ ಅತಿಶಯವೂ ಉಂಟು, ಪಕ್ಷವೂ ಉಂಟು. ತಿಥಿಗೂ ಲೆಕ್ಕಕ್ಕೂ ಕಡತವನ್ನೇ ನೋಡಬೇಕು. ಆದರೆ ತಾನು ವರ್ಣಿಸಿದ್ದು ಕಂಡಷ್ಟನ್ನು ಮಾತ್ರ ಎಂದು ಕವಿ ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಈ ವಿನಯ ವಾರ್ತೆಗಳಲ್ಲಿ ಅಪರೂಪ. ಇದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ ಜೆ. ಎಫ್. ಫ್ಲೀಟ್ ಬ್ರಿಟಿಷ್ ಸರಕಾರದ ಅಧಿಕಾರಿಯೇ ಆಗಿದ್ದರು. ಸುಟ್ಟವರ ಕಡೆಯವರೊಬ್ಬರು ಸುಡಿಸಿಕೊಂಡವರ ಮಾತನ್ನು ಉಳಿಸಿದರೆಂಬುದು ಸ್ಮರಣೀಯ.

ನಾಳೆ ಬೆಳಿಗ್ಗೆ ಪತ್ರಿಕೆಯಲ್ಲಿ ‘ಅಸುನೀಗಿದರು’ ಎಂಬ ಮಾತು ಕಂಡರೆ, ವಾಕ್ಯದ ಕರ್ತೃವೆಲ್ಲಿ ಎಂದು ಒಮ್ಮೆ ಕೇಳೋಣ. ಸತ್ತವರಿಗೆ ನಾವು ಸಲ್ಲಿಸಬಹುದಾದ ಕನಿಷ್ಠ ನ್ಯಾಯ ಅದು.